ಯಾರಿಗೆ ಈ ಸ್ವೆಟರು?

ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಒಂದು ಉಲ್ಲನ್ ಉಂಡೆ ಇಟ್ಟುಕೊಂಡು ನಾನು ಎಲ್ಲಿ ಕೂತರೂ ಸರಿ, ಸ್ವಲ್ಪ ಹೊತ್ತಿಗೆ ಪಕ್ಕದವರಿಂದ ಪ್ರಶ್ನೆ ಬಂದೇ ಬರುತ್ತದೆ. "ಯಾರಿಗೆ?" ಹಲ್ಲಿನ ಡಾಕ್ಟರ ಶಾಪಿನ ಬೆಂಚಾದರೂ ಅಷ್ಟೇ, ಮದುವೆ ಛತ್ರದ ಪ್ಲಾಸ್ಟಿಕ್ ಕುರ್ಚಿಯಾದರೂ ಅಷ್ಟೇ, ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲಾದರೂ ಅಷ್ಟೇ. ಹೆಸರು, ಊರು, ಇಳಿಯುವ ಸ್ಟೇಷನ್ನು ಎಲ್ಲ ಆಮೇಲೆ. ಎದುರು ಸೀಟಿನಲ್ಲಿ ಪೇಪರು ಹರಡಿಕೊಂಡ ಗಂಡಸನ್ನು "ಯಾರಿಗೋಸ್ಕರ ಓದ್ತಿದ್ದೀರಿ?" ಎಂದು ಯಾರಾದರೂ ಕೇಳಿದ್ದುಂಟೇ? ಪದಬಂಧ ತುಂಬುವವರನ್ನೂ ಕೇಳುವುದಿಲ್ಲ, ಫೋನಿನಲ್ಲಿ ಬಣ್ಣಬಣ್ಣದ ಮಿಠಾಯಿ ಒಡೆಯುತ್ತ ಕೂತವರನ್ನೂ ಕೇಳುವುದಿಲ್ಲ. ಹೆಂಗಸು ಹೆಣೆಯುತ್ತ ಕೂತರೆ ಮಾತ್ರ ಆ ದಾರದ ತುದಿಗೆ ಯಾರದಾದರೂ ಒಂದು ಮೈ ಇರಲೇಬೇಕು.

ಮೊದಲೆಲ್ಲ ನನಗಿದು ಕಿರಿಕಿರಿ ಅನ್ನಿಸುತ್ತಿರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮಗಳಿಗೆ. ಮಗನಿಗೆ. ಇವರಿಗೆ. ಭಾವನವರಿಗೆ, ಅವರಿಗೆ ಉಬ್ಬಸ. ಈಗ ಹಾಗಿಲ್ಲ. ಮಗಳು ಬೆಂಗಳೂರಿನಲ್ಲಿದ್ದಾಳೆ, ಬೇಡ ಅಂದಿದ್ದಾಳೆ. ಮಗ ಮಿನಿಯಾಪೊಲಿಸ್‌ನಲ್ಲಿದ್ದಾನೆ, ಬೇಡ ಅನ್ನುವಷ್ಟು ಧೈರ್ಯವಿಲ್ಲದೆ "ನಿಧಾನ ಮಾಡಮ್ಮ" ಅಂದಿದ್ದಾನೆ. ಇವರಂತೂ ಬ್ಯಾಂಕಿನಿಂದ ನಿವೃತ್ತರಾದ ದಿನವೇ ಕೈಮುಗಿದರು: "ಇನ್ನೊಂದು ಸ್ವೆಟರ್ ಹೆಣೆದರೆ ಅದನ್ನ ಹಾಕ್ಕೊಳ್ಳೋದಕ್ಕೆ ನಾನು ಶಿಮ್ಲಾಕ್ಕೆ ಟ್ರಾನ್ಸ್‌ಫರ್ ಕೇಳಬೇಕು ಮಾರಾಯ್ತಿ, ರಿಟೈರಾದವನಿಗೆ ಯಾರು ಕೊಡ್ತಾರೆ?"

ಹಾಗಾಗಿ ಒಮ್ಮೆ ರೈಲಿನಲ್ಲಿ, ಬೀರೂರು ದಾಟಿದ ಮೇಲೆ, ಪಕ್ಕದ ಹೆಂಗಸು ಕೇಳಿದಾಗ ಇದ್ದದ್ದನ್ನೇ ಹೇಳಿಬಿಟ್ಟೆ. "ಯಾರಿಗೂ ಅಲ್ಲ. ಸುಮ್ನೆ." ಆಕೆಯ ಮುಖ ಇಳಿದುಹೋಯಿತು. ಚೀಲದಿಂದ ಡಬ್ಬಿ ತೆಗೆದು ನನ್ನ ಕೈಗೆ ಎರಡು ಕೋಡುಬಳೆ ಇಟ್ಟರು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮಕ್ಕಳು?" ಅಂದರು. "ಇಬ್ಬರು." "ನೋಡ್ಕೋತಾರಾ?" ಅರಸೀಕೆರೆ ಬರುವವರೆಗೂ ನಾನು ನನ್ನ ಮಕ್ಕಳ ಗುಣಗಾನ ಮಾಡಬೇಕಾಯಿತು. ಮಗ ದುಡ್ಡು ಕಳಿಸುತ್ತಾನೆ, ಬೇಡವೆಂದರೂ ಕಳಿಸುತ್ತಾನೆ. ಮಗಳು ದಿನಾ ಫೋನ್ ಮಾಡುತ್ತಾಳೆ, ಮಾಡಿದಾಗೆಲ್ಲ ಬೈಯುತ್ತಾಳೆ. ಆಕೆ ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಹೆಣೆಯುವುದಕ್ಕೆ ಒಬ್ಬರೂ ಇಲ್ಲದವಳ ಮಕ್ಕಳ ವಿಷಯ ಯಾರು ನಂಬುತ್ತಾರೆ? ಅಂದಿನಿಂದ ಯಾರೇ ಕೇಳಲಿ, "ಮೊಮ್ಮಗನಿಗೆ" ಅಂದುಬಿಡುತ್ತೇನೆ. ಕಡ್ಡಿಯ ಮೇಲಿರುವುದು ಕುರ್ಚಿಯ ಬಟ್ಟೆಯಾದರೂ ಸರಿಯೇ.

ನಮ್ಮ ಮನೆಯೊಳಗೆ ಮಾತ್ರ "ಯಾರಿಗೆ" ಎಂದು ಕೇಳಿದವರಿಲ್ಲ. ಅಲ್ಲಿನ ಕಾಟವೇ ಬೇರೆ. ಸ್ವೆಟರಿನ ಬೆನ್ನಿಗೆ ನೂರಾ ಹತ್ತೋ ನೂರಾ ಇಪ್ಪತ್ತೋ ಕುಣಿಕೆ ಹಾಕಿ, ಸಾಲಿನ ಕೊನೆಯಲ್ಲಿ ಎಣಿಸಿ ನೋಡಬೇಕು. ಎಣಿಸುವಾಗ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಲೆಕ್ಕ ಹೋಯಿತು. ಇದನ್ನು ಮೊದಲು ಕಂಡುಹಿಡಿದವಳು ನನ್ನ ಮಗಳು. ನಾನು ಅರುವತ್ತನ್ನು ದಾಟಿದ ಮೇಲೆ ಮೆಲ್ಲಗೆ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. "ಅಮ್ಮಾ, ಸಿನಿಮಾಕ್ಕೆ ಹೋಗ್ಲಾ? ಎಲ್ಲರೂ ಹೋಗ್ತಿದಾರೆ." ಒಂದೊಂದು ಕುಣಿಕೆಗೂ ನನ್ನ ತಲೆ ಒಂಚೂರು ಕೆಳಗೆ ಬಾಗುತ್ತಿತ್ತು. ಅವಳು ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು. ಪ್ರವಾಸದ ದುಡ್ಡು, ಕೂದಲು ಕತ್ತರಿಸುವ ಅನುಮತಿ, ಗಣಿತದಲ್ಲಿ ಬಂದ ಅಂಕದ ಸುದ್ದಿ, ಎಲ್ಲವೂ ಎಪ್ಪತ್ತು ಮತ್ತು ತೊಂಬತ್ತರ ನಡುವೆ ನನ್ನ ಕಿವಿಗೆ ಬಿದ್ದವೇ. ಈಗ ಅವಳು ದೊಡ್ಡ ಕಂಪನಿಯಲ್ಲಿ ಮ್ಯಾನೇಜರು. ಅಲ್ಲಿ ಯಾರು ಯಾವಾಗ ಏನನ್ನು ಕೇಳಬೇಕು ಎನ್ನುವುದನ್ನು ಕಲಿಸುವ ತರಬೇತಿ ಶಿಬಿರಗಳು ಇರುತ್ತವಂತೆ. ಅವಳಿಗೆ ಅದರ ಅಗತ್ಯ ಬಿದ್ದಿರಲಿಕ್ಕಿಲ್ಲ.

ನನಗೆ ಹೆಣಿಗೆ ಕಲಿಸಿದ್ದು ನಮ್ಮ ಸೋದರತ್ತೆ. ಕೊಪ್ಪದ ಹತ್ತಿರದ ಹಳ್ಳಿ ನಮ್ಮದು. ಅತ್ತೆ ಮದುವೆಯಾಗಿ ಹೋದ ಸ್ವಲ್ಪ ಕಾಲಕ್ಕೇ ತವರಿಗೆ ವಾಪಸು ಬಂದವಳು. ಯಾಕೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬರುವಾಗ ಅವಳು ತಂದಿದ್ದ ಟ್ರಂಕಿನಲ್ಲಿ ಎರಡು ಜೊತೆ ಕಡ್ಡಿಗಳಿದ್ದವು. ಅವನ್ನು ಮುಟ್ಟಲು ನನಗೆ ಬಿಡುತ್ತಿರಲಿಲ್ಲ. ಹಿಡಿಗುಂಟದಿಂದ ಎರಡು ತೆಂಗಿನ ಕಡ್ಡಿ ಕಿತ್ತು ಕೊಟ್ಟು, "ಇದರಲ್ಲಿ ಹತ್ತು ಸಾಲು ಮುರಿಯದೆ ಹೆಣೆ, ಆಮೇಲೆ ನೋಡೋಣ" ಅಂದಿದ್ದಳು. ಒಂದು ಸೀದಾ, ಒಂದು ಉಲ್ಟಾ. ಕಡ್ಡಿ ಮುರಿದಾಗೆಲ್ಲ ಹಿಡಿಗುಂಟ ಸಣ್ಣದಾಗುತ್ತ ಹೋಗಿ ಅಜ್ಜಿ ಗಲಾಟೆ ಎಬ್ಬಿಸಿದ ಮೇಲೆ ಅಪ್ಪಯ್ಯ ಹಳೇ ಕೊಡೆಯ ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಟ್ಟರು. ಮಲೆನಾಡಿನಲ್ಲಿ ಮುರಿದ ಕೊಡೆಗೇನು ಬರವೇ?

ಆ ಮನೆಯಲ್ಲಿ ಸ್ವೆಟರುಗಳು ಬೇಗ ಬೆಳೆಯುತ್ತಿದ್ದದ್ದು ಹೆಂಗಸರು ಹೊರಗೆ ಕೂರುವ ಆ ಮೂರು ದಿನಗಳಲ್ಲಿ. ನೀರು ಸೇದುವಂತಿಲ್ಲ, ಅಡುಗೆಮನೆ ಹೊಗುವಂತಿಲ್ಲ, ಉಪ್ಪಿನಕಾಯಿ ಭರಣಿಯ ಕಡೆ ನೋಡುವಂತೆಯೂ ಇಲ್ಲ. ಆದರೆ ಉಣ್ಣೆಗೂ ರೇಷ್ಮೆಗೂ ಮೈಲಿಗೆ ಇಲ್ಲ ಎನ್ನುವುದು ಅಜ್ಜಿಯ ತೀರ್ಪು. ಹಿತ್ತಿಲ ಜಗಲಿಯ ಮೂಲೆಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಕೂತು, ಮಳೆ ನೋಡುತ್ತ, ಯಾರ ಗೊಡವೆಯೂ ಇಲ್ಲದೆ ಒಂದು ತೋಳು ಮುಗಿಸಿಬಿಡುತ್ತಿದ್ದರು. ನಾವು ಮಕ್ಕಳು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಸ್ವೆಟರುಗಳೆಲ್ಲ ಹಾಗೆ ಹುಟ್ಟಿದವು. ಅವು ಬಚ್ಚಲೊಲೆಯ ಮೇಲೆ ಒಣಗಿ ಹೊಗೆ ವಾಸನೆ ಹೊಡೆಯುತ್ತಿದ್ದವು. ಅಜ್ಜಿಯ ಮಡಿಯ ಬಗ್ಗೆ ನನಗೀಗ ಬೇಕಾದಷ್ಟು ಸಿಟ್ಟಿದೆ. ಆ ಮೂರು ದಿನದ ಪುರುಸೊತ್ತಿನ ಬಗ್ಗೆ ಮಾತ್ರ, ಹೇಳಬಾರದು, ಒಂದಿಷ್ಟು ಹೊಟ್ಟೆಕಿಚ್ಚೂ ಇದೆ.

1962ರಲ್ಲಿ ಚೀನಾ ಯುದ್ಧ ಬಂತು. ನನಗಾಗ ಏಳು ವರ್ಷ. ಹಿಮಾಲಯದ ಚಳಿಯಲ್ಲಿ ಜವಾನರಿಗೆ ಬೆಚ್ಚನೆ ಬಟ್ಟೆಯಿಲ್ಲ ಎಂಬ ಸುದ್ದಿ ಹಬ್ಬಿ, ದೇಶದ ಊರೂರಲ್ಲಿ ಹೆಂಗಸರು ಸ್ವೆಟರು ಹೆಣೆಯಲು ಕೂತರು. ನಮ್ಮೂರಿಗೂ ಪೇಟೆಯ ಮಹಿಳಾ ಸಮಾಜದಿಂದ ಪಾಚಿ ಬಣ್ಣದ ಉಲ್ಲನ್ನಿನ ಲಡಿಗಳು ಬಂದವು. ಅಳತೆ ಮಾತ್ರ ಯಾರೂ ಕೊಡಲಿಲ್ಲ. ಜವಾನನ ಎದೆ ಎಷ್ಟು ಇಂಚು? ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಕೊನೆಗೆ ಅತ್ತೆ ಅಪ್ಪಯ್ಯನನ್ನು ಜಗಲಿಯಲ್ಲಿ ನಿಲ್ಲಿಸಿ, ದಾರದಿಂದ ಸುತ್ತಿ ಅಳೆದು, ಅದಕ್ಕೆ ಎರಡು ಬೆರಳು ಸೇರಿಸಿದಳು. "ಯುದ್ಧಕ್ಕೆ ಹೋಗೋನು ಅಂದರೆ ನಿನಗಿಂತ ಸ್ವಲ್ಪ ಅಗಲ ಇದ್ದೇ ಇರ್ತಾನೆ" ಅಂದಳು. ಅಪ್ಪಯ್ಯನಿಗೆ ಅವಮಾನವಾಗಿ ಆ ಸಂಜೆ ಊಟಕ್ಕೆ ಬೇಗ ಬರಲಿಲ್ಲ. ಸ್ವೆಟರು ಮುಗಿಯುವ ಹೊತ್ತಿಗೆ ನವೆಂಬರಿನಲ್ಲಿ ಯುದ್ಧವೇ ನಿಂತಿತು. ಇನ್ನು ಕಳಿಸಬೇಕೇ ಎಂದು ಯಾರೋ ಕೇಳಿದರು. "ಯುದ್ಧ ನಿಂತರೆ ಚಳಿ ನಿಲ್ಲುತ್ತದಾ?" ಎಂದು ಅತ್ತೆ ಗದರಿ ಪೊಟ್ಟಣ ಕಟ್ಟಿದಳು.

ಆಮೇಲೆ ಎಷ್ಟೋ ವರ್ಷ, ಜೋರು ಚಳಿ ಬಿದ್ದ ರಾತ್ರಿಗಳಲ್ಲಿ ಅವಳಿಗೆ ಒಂದೇ ಯೋಚನೆ. "ಕುತ್ತಿಗೆ ಬಿಗಿಯಾಯ್ತೋ ಏನೋ ಆ ಹುಡುಗನಿಗೆ." ನಮ್ಮ ಯಾರ ಕುತ್ತಿಗೆಯ ಬಗ್ಗೆಯೂ ಅವಳು ಹೀಗೆ ಕೊರಗಿದ್ದನ್ನು ನಾನು ಕೇಳಿಲ್ಲ. ನಾವು ಎದುರಿಗೇ ಇದ್ದೆವು, ಬಿಗಿಯಾದರೆ ಅಳುತ್ತಿದ್ದೆವು.

ಮದುವೆಯಾಗಿ ಮೊದಲ ಬಸಿರಿನಲ್ಲಿ ನನಗೂ ಕೈ ತುರಿಸಿತು. ಬಿಳಿ ಉಲ್ಲನ್ ತಂದು ಕುಲಾವಿಗೆ ಶುರುಮಾಡಿದೆ. ನಮ್ಮ ಅತ್ತೆಯವರು ಕಂಡು ಕಡ್ಡಿಗಳನ್ನೇ ಕಸಿದುಕೊಂಡರು. ಮಗು ಭೂಮಿಗೆ ಬರುವ ಮೊದಲು ಅದಕ್ಕೆ ಬಟ್ಟೆ ಹೊಲಿಯಬಾರದು, ಹೆಣೆಯಬಾರದು. ಹುಟ್ಟಿದ ಮೇಲೂ ಮೊದಲು ಉಡಿಸುವುದು ಹಳೇ ಪಂಚೆಯ ಮೆತ್ತನೆ ಚೂರನ್ನೇ. ಸರಿ, ನಾನು ಪಕ್ಕದ ಮನೆಯವರ ತಂಗಿಯ ಮಗುವಿಗೆಂದು ಸುಳ್ಳು ಹೇಳಿ ಪಕ್ಕದ ಮನೆಯಲ್ಲೇ ಕೂತು ಮುಗಿಸಿದೆ. ಮುಗಿಸಿದ್ದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಮಗಳು ಹುಟ್ಟಿದ ಮೂರನೇ ದಿನ ನೋಡುತ್ತೇನೆ, ಅತ್ತೆಯವರು ತಮ್ಮ ಪೆಟ್ಟಿಗೆಯಿಂದ ಹಳದಿ ಬಣ್ಣದ ಕುಲಾವಿ ತೆಗೆದು ಮಗುವಿನ ತಲೆಗೆ ಕಟ್ಟುತ್ತಿದ್ದಾರೆ. ಹೊಚ್ಚ ಹೊಸದು. ನಾನು ಅವರ ಮುಖ ನೋಡಿದೆ, ಅವರು ಗೋಡೆ ನೋಡಿದರು. ಅಕ್ಕಿ ಡಬ್ಬದ ಹಿಂದಿನದನ್ನು ಅವರೇ ತಂದುಕೊಟ್ಟಿದ್ದು ನಾಮಕರಣ ಮುಗಿದ ಮೇಲೆ. "ಇಲಿ ಕಡಿಯೋ ಜಾಗದಲ್ಲಿ ಇಡ್ತಾರೇನೇ?" ಎಂದರು. ನಮ್ಮಿಬ್ಬರ ನಡುವೆ ಅದಕ್ಕಿಂತ ಆತ್ಮೀಯವಾದ ಮಾತು ಮತ್ತೆ ಬಂದ ನೆನಪಿಲ್ಲ.

ಬ್ಯಾಂಕಿನ ನೌಕರಿ ಎಂದರೆ ಗಂಟುಮೂಟೆ. ಮಡಿಕೇರಿಯಲ್ಲಿದ್ದಾಗ ನಾನು ಲೋಕಕ್ಕೇ ಬೇಕಾದವಳು. ಅಲ್ಲಿನ ಮಳೆಗಾಲದಲ್ಲಿ ಸ್ವೆಟರು ಹೆಣೆಯಬಲ್ಲವಳಿಗೆ ಕಿತ್ತಳೆ, ಜೇನು, ಮನೆಯ ಕಾಫಿಪುಡಿ ಬುಟ್ಟಿಗಟ್ಟಲೆ ಬರುತ್ತಿತ್ತು. ಅಲ್ಲಿಂದ ಸೀದಾ ಗುಲ್ಬರ್ಗಕ್ಕೆ ವರ್ಗ. ಅದಿನ್ನೂ ಕಲಬುರಗಿ ಆಗಿರಲಿಲ್ಲ. ಮೇ ತಿಂಗಳು, ನಲವತ್ತೆರಡು ಡಿಗ್ರಿ. ಸಂಜೆ ಅಂಗಳಕ್ಕೆ ನೀರು ಹೊಡೆದು, ಕಟ್ಟೆಯ ಮೇಲೆ ಕೂತು, ಬೆವರುತ್ತ ನಾನು ಪೂರ್ತಿ ತೋಳಿನ ಸ್ವೆಟರು ಹೆಣೆಯುತ್ತಿದ್ದೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಕೊನೆಗೆ ಎದುರು ಮನೆಯ ಹಿರಿಯಾಕೆ ಕೇಳಿಯೇಬಿಟ್ಟರು. "ಏನ್ರೀ ಅಕ್ಕಾರ, ಈ ಬ್ಯಾಸಗ್ಯಾಗ ಇದನ್ನ ಹಾಕ್ಕೊಳ್ಳಾಕ ಯಾರಿಗರೆ ಶಿಕ್ಷಾ ಆಗೇತೇನ್ರೀ?" ನಕ್ಕು ನಕ್ಕು ನನ್ನ ಕುಣಿಕೆಗಳು ಜಾರಿದವು. ಆ ಹಿರಿಯಾಕೆ ಹಳೇ ಇಳಕಲ್ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರು. ಅದಕ್ಕೆ ಅಳತೆಯ ತಂಟೆಯೇ ಇಲ್ಲ. ಇಡೀ ಮನೆ ಒಂದೇ ಕೌದಿಯಡಿ ಮಲಗಬಹುದು, ಮಕ್ಕಳು ಬೆಳೆದರೆ ಕಾಲು ಹೊರಗೆ ಚಾಚಿದರಾಯಿತು. ಆಕೆಯ ಮುಂದೆ ನನ್ನ ಟೇಪು, ಇಂಚು, ಕುಣಿಕೆಯ ಲೆಕ್ಕವೆಲ್ಲ ಒಂಥರಾ ಕಂಜೂಸುತನ ಅನ್ನಿಸುತ್ತಿತ್ತು.

ಕಂಜೂಸಿಯೇ ಆಗಿದ್ದೆ ಅನ್ನಿ. ಮಗಳ ಸ್ವೆಟರು ಗಿಡ್ಡವಾದರೆ ಬಿಚ್ಚಿ ಮಗನಿಗೆ ಹೆಣೆಯುವುದು ನಮ್ಮ ಮನೆಯ ಪದ್ಧತಿ. ಹೊಲಿಗೆ ಬಿಡಿಸಿ, ಕೊನೆಯ ಗಂಟು ಹುಡುಕಿ ಎಳೆದರೆ ಇಡೀ ಸ್ವೆಟರು ಸರಸರನೆ ದಾರವಾಗಿ ಬರುತ್ತದೆ. ಮಕ್ಕಳಿಗೆ ಇದಕ್ಕಿಂತ ಖುಷಿಯ ಕೆಲಸವಿಲ್ಲ, ಒಬ್ಬರನ್ನೊಬ್ಬರು ತಳ್ಳಿಕೊಂಡು ಎಳೆಯುತ್ತಿದ್ದರು. ಆಮೇಲಿನದೇ ಕಷ್ಟ. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿರುತ್ತದೆ, ಲಡಿ ಕಟ್ಟಿ ಕುದಿಯುವ ನೀರಿನ ಹಬೆಗೆ ಹಿಡಿದು ನೇರ ಮಾಡಬೇಕು, ಒಣಗಿದ ಮೇಲೆ ಯಾರಾದರೂ ಎರಡು ಕೈ ಚಾಚಿ ಅದನ್ನು ಹಿಡಿದುಕೊಂಡರೆ ಉಂಡೆ ಸುತ್ತಬಹುದು. ಮಗನೇ ಸಿಗುತ್ತಿದ್ದ. ಅರ್ಧ ಗಂಟೆ ಅಲ್ಲಾಡದೆ ನಿಲ್ಲಬೇಕು. ಅಷ್ಟು ಹೊತ್ತು ಕೈ ಎರಡೂ ಸಿಕ್ಕಿಹಾಕಿಕೊಂಡವನು ಬೇರೇನು ಮಾಡಲು ಸಾಧ್ಯ? ಮಾತಾಡುತ್ತಿದ್ದ. ಶಾಲೆಯಲ್ಲಿ ಹೊಡೆದ ಹುಡುಗ ಯಾರು, ತಾನು ಹೆದರುವುದು ಯಾವುದಕ್ಕೆ, ಮೇಷ್ಟರು ಏನಂದರು. ಲಡಿ ಮುಗಿದ ಕೂಡಲೇ ಬಾಯಿ ಮುಚ್ಚಿ ಓಡುತ್ತಿದ್ದ. ಕೆಲವು ಸಲ ಸುತ್ತಿದ ಉಂಡೆಯನ್ನು ಬಿಗಿ ಸಾಲದೆಂಬ ನೆವ ಹೇಳಿ ಬಿಚ್ಚಿ ಮತ್ತೆ ಸುತ್ತಿಸಿದ್ದುಂಟು.

ಅಕ್ಕನ ದಾರದಲ್ಲಿ ಹೆಣೆದ ತಮ್ಮನ ಸ್ವೆಟರಿಗೆ ದಾರ ಸಾಲುತ್ತಿರಲಿಲ್ಲ. ನಡುವೆ ಬೇರೆ ಬಣ್ಣದ ಪಟ್ಟೆ ಬರುತ್ತಿತ್ತು. ಹಾಗೆ ಅವನ ಎದೆಯ ಮೇಲೆ ಒಂದು ವರ್ಷ ಗುಲಾಬಿ ಪಟ್ಟೆ ಬಂತು. ನಲವತ್ತು ದಾಟಿದರೂ ಅವನು ಅದನ್ನು ಮರೆತಿಲ್ಲ. ಹೆಂಡತಿಯ ಎದುರಿಗೂ ಹೇಳುತ್ತಾನೆ, ಮಗನ ಎದುರಿಗೂ ಹೇಳುತ್ತಾನೆ. ಇಷ್ಟು ವರ್ಷ ಅವನಿಗಾಗಿ ನಾನು ಪಟ್ಟ ಪಾಡೆಲ್ಲ ಒಂದು ತಕ್ಕಡಿಗೆ, ಆ ಗುಲಾಬಿ ಪಟ್ಟೆ ಇನ್ನೊಂದು ತಕ್ಕಡಿಗೆ.

ಎಲ್ಲ ತಾಯಂದಿರಂತೆ ನಾನೂ ಅಳತೆಗೆ ಎರಡು ಇಂಚು ಹೆಚ್ಚು ಸೇರಿಸುತ್ತಿದ್ದೆ. "ಬೆಳೆಯೋ ಮಕ್ಕಳು." ಅವರ ಬಾಲ್ಯದ ಫೋಟೊಗಳಲ್ಲೆಲ್ಲ ಬೆರಳ ತುದಿ ಮಾತ್ರ ತೋಳಿನಿಂದ ಹೊರಗೆ ಇಣುಕುತ್ತಿದೆ. ಸ್ವೆಟರು ಸರಿಯಾಗಿ ಒಪ್ಪುವ ಹೊತ್ತಿಗೆ ಮೊಣಕೈ ಸವೆದಿರುತ್ತಿತ್ತು. ಆದರೆ ಆಗ ನನಗೆ ಟೇಪು ಬೇಕಿರಲಿಲ್ಲ. ಬೆನ್ನಿನ ಮೇಲೆ ಗೇಣು ಇಟ್ಟರೆ ಸಾಕು, ಇಷ್ಟು ಕುಣಿಕೆ ಎಂದು ಗೊತ್ತಾಗುತ್ತಿತ್ತು. ಎಣ್ಣೆ ಹಚ್ಚಿದ, ಸ್ನಾನ ಮಾಡಿಸಿದ ಮೈ; ಎಲ್ಲಿ ಎಲುಬು, ಎಲ್ಲಿ ಮಚ್ಚೆ ಎಂದು ಕಣ್ಣುಮುಚ್ಚಿ ಹೇಳಬಹುದಿತ್ತು. ಅದು ಯಾವ ವರ್ಷದಿಂದ ತಪ್ಪಿಹೋಯಿತು ಎಂದು ನೆನಪಿಸಿಕೊಳ್ಳಲು ಹೋದರೆ ಸಿಗುವುದಿಲ್ಲ. ಒಂದು ದಿನ ಬಚ್ಚಲಿನ ಬಾಗಿಲು ಒಳಗಿಂದ ಚಿಲಕ ಹಾಕಿಕೊಂಡಿತು, ಅಷ್ಟೇ.

ಮಗಳು ಕಾಲೇಜಿಗೆ ಸೇರಿದ ವರ್ಷ ನನ್ನ ಸ್ವೆಟರಿಗೆ ಮೊದಲ ಎದುರಾಳಿಗಳು ಬಂದರು. ಚಳಿಗಾಲ ಬಂತೆಂದರೆ ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರು ಊರೂರ ಫುಟ್‌ಪಾತಿನಲ್ಲಿ ಲೂಧಿಯಾನದ ಸ್ವೆಟರುಗಳನ್ನು ಸಾಲಾಗಿ ತೂಗುಹಾಕುತ್ತಾರಲ್ಲ, ಅವಳಿಗೆ ಅಲ್ಲಿನ ಜಿಪ್ ಇರುವ ಸ್ವೆಟರೇ ಬೇಕಂತೆ. ನನ್ನದರಲ್ಲಿ ಏನು ಕೊರತೆ ಎಂದರೆ, "ನಿನ್ನದು ನೀನೇ ಮಾಡಿದ್ದು ಅಂತ ಗೊತ್ತಾಗುತ್ತೆ" ಅಂದಳು. ಮುಖ ಊದಿಸಿಕೊಂಡೇ ಅವಳ ಜೊತೆ ಹೋದೆ. ಅವಳು ಒಂದೊಂದೇ ಹಾಕಿ ನೋಡುತ್ತಿರುವಾಗ, ಅಂಗಡಿಯ ಟಿಬೆಟನ್ ಹೆಂಗಸು ಮೋಡಾದ ಮೇಲೆ ಕೂತು ಹೆಣೆಯುತ್ತಿದ್ದುದು ಕಣ್ಣಿಗೆ ಬಿತ್ತು. ಸುತ್ತ ಇನ್ನೂರು ಸ್ವೆಟರು ತೂಗುತ್ತಿವೆ, ನಡುವೆ ಕೂತು ಕಂದು ಬಣ್ಣದ ಇನ್ನೊಂದನ್ನು ಕೈಯಲ್ಲಿ ಹೆಣೆಯುತ್ತಿದ್ದಾಳೆ. ನನ್ನ ಬಾಯಿಂದ ತಾನಾಗಿ ಬಂತು. "ಯಾರಿಗೆ?" ಆಕೆ ನಮ್ಮಷ್ಟೇ ಚೆನ್ನಾದ ಕನ್ನಡದಲ್ಲಿ, "ಮಗನಿಗೆ. ಹಾಕಲ್ಲ ಅವನು. ಇದೇ ಬೇಕಂತೆ" ಎಂದು ತಲೆಯ ಮೇಲೆ ತೂಗುತ್ತಿದ್ದ ಜಿಪ್ಪಿನದನ್ನು ತೋರಿಸಿದಳು. ಮಗಳಿಗೆ ಕೊಂಡದ್ದಕ್ಕೆ ನಾನು ಚೌಕಾಸಿಯನ್ನೇ ಮಾಡಲಿಲ್ಲ.

ಮಿನಿಯಾಪೊಲಿಸ್‌ಗೆ ನಾವು ಹೋದದ್ದು ಚಳಿಗಾಲದಲ್ಲಿ. ಮೈನಸ್ ಇಪ್ಪತ್ತು ಎಂದು ಕೇಳಿದಾಗಲೇ ನನಗೆ ಒಳಗೊಳಗೆ ಸಂಭ್ರಮ. ಕೊನೆಗೂ ನನ್ನ ವಿದ್ಯೆಗೆ ತಕ್ಕ ಊರು. ಸಾಮಾನ್ಯವಾಗಿ ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವುದು ಆಕ್ರಿಲಿಕ್, ನಾವು ಹಿಂದೆ ಕ್ಯಾಶ್ಮಿಲಾನ್ ಎನ್ನುತ್ತಿದ್ದ ದಾರ. ಈ ಸಲ ಹಾಗಲ್ಲ, ಹುಡುಕಿ ಹುಡುಕಿ ಅಪ್ಪಟ ಕುರಿಯ ಉಣ್ಣೆ ತರಿಸಿ, ಜಡೆಯ ವಿನ್ಯಾಸ ಹಾಕಿ, ಎರಡೂ ತೋಳನ್ನು ಒಂದೇ ಕಡ್ಡಿಯ ಮೇಲೆ ಒಟ್ಟಿಗೆ ಹೆಣೆದಿದ್ದೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದೆಂದು. ಅಲ್ಲಿ ಹೋಗಿ ನೋಡಿದರೆ ಮಗ ಮನೆಯೊಳಗೆ ಅರ್ಧ ತೋಳಿನ ಬನಿಯನ್ನಿನಲ್ಲಿ ಓಡಾಡುತ್ತಿದ್ದಾನೆ. ಮನೆ ಪೂರಾ ಬೆಚ್ಚಗೆ. ಒಳಗಿನಿಂದಲೇ ಗ್ಯಾರೇಜು, ಗ್ಯಾರೇಜಿನಲ್ಲಿ ಕಾರು, ಕಾರಿನ ಸೀಟೂ ಬೆಚ್ಚಗೆ, ಆಫೀಸಿನ ಕೆಳಗೆ ಮತ್ತೆ ಗ್ಯಾರೇಜು. ಪೇಟೆಯ ಕಟ್ಟಡಗಳನ್ನು ಕೂಡ ಎರಡನೇ ಮಹಡಿಯ ಎತ್ತರದಲ್ಲಿ ಗಾಜಿನ ಸೇತುವೆಗಳಿಂದ ಒಂದಕ್ಕೊಂದು ಸೇರಿಸಿದ್ದಾರೆ. ಅದಕ್ಕೆ ಸ್ಕೈವೇ ಅನ್ನುತ್ತಾರೆ. ಮೈಲಿಗಟ್ಟಲೆ ನಡೆದರೂ ಒಂದು ಹನಿ ಹಿಮ ತಾಗುವುದಿಲ್ಲ. ಭೂಮಿಯ ಮೇಲೆ ಅಷ್ಟು ಚಳಿಯಿರುವ ಊರಿನಲ್ಲಿ ನನ್ನ ಮಗನಿಗೆ ಚಳಿಯೇ ಸಿಗುತ್ತಿಲ್ಲ. ಶಿವಮೊಗ್ಗದ ಡಿಸೆಂಬರಿನಲ್ಲಿ, ತಣ್ಣನೆ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಕಾಫಿ ಸೋಸುವ ನನಗೇ ಅವನಿಗಿಂತ ಹೆಚ್ಚು ಚಳಿ.

ಆದರೂ ಅವನು ಒಂದು ಭಾನುವಾರ ಆ ಸ್ವೆಟರು ಹಾಕಿಕೊಂಡ. ನನ್ನ ಸಂತೋಷಕ್ಕೆ. ಸಾರು ಚೆಲ್ಲಿಕೊಂಡ. ಸೊಸೆ ಒಳ್ಳೆಯ ಹುಡುಗಿ, ಕಲೆ ಉಳಿಯಬಾರದೆಂದು ಆ ಕೂಡಲೇ ಅದನ್ನು ಮೆಷಿನ್ನಿಗೆ ಹಾಕಿ, ಬಿಸಿನೀರು ಬಿಟ್ಟು, ಆಮೇಲೆ ಡ್ರೈಯರಿಗೂ ಹಾಕಿದಳು. ಕುರಿಯ ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸೋಪು, ಕುಲುಕಾಟ ಮೂರೂ ಕೂಡಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಗಿದುಬಿಡುತ್ತವೆ, ಮತ್ತೆ ಬಿಡುವ ಮಾತೇ ಇಲ್ಲ. ಡ್ರೈಯರಿನಿಂದ ಹೊರಬಂದದ್ದು ಎಂಟು ವರ್ಷದ ಹುಡುಗನ ಸ್ವೆಟರು. ಜಡೆ ವಿನ್ಯಾಸವೆಲ್ಲ ಹಾಗೇ ಇದೆ, ಆದರೆ ಮಲೆನಾಡಿನ ಕಂಬಳಿ ಕೊಪ್ಪೆಯಂತೆ ದಪ್ಪಗೆ ಗಟ್ಟಿಯಾಗಿದೆ. ಸೊಸೆಯ ಕಣ್ಣಲ್ಲಿ ನೀರು. ನಾನು ಅದನ್ನು ಎತ್ತಿ ಹಿಡಿದು ನೋಡಿದೆ. ಏನೆಂದು ಹೇಳಲಿ, ನನ್ನ ಕೈಗೆ ಚೆನ್ನಾಗಿ ಗೊತ್ತಿದ್ದ ಅಳತೆ ಅದು! ಮಡಿಕೇರಿಯಲ್ಲಿ ನಾನು ಗೇಣು ಹಾಕಿ ಅಳೆಯುತ್ತಿದ್ದ ಬೆನ್ನು ಅಷ್ಟೇ ಇತ್ತು. "ಅಳಬೇಡವೇ ಮಾರಾಯ್ತಿ, ಇದೇ ಸರಿಯಾಗಿದೆ" ಅಂದೆ. ಸಮಾಧಾನಕ್ಕೆ ಹೇಳಿದೆನೆಂದು ಅವಳು ತಿಳಿದುಕೊಂಡಿರಬೇಕು. ಮೊಮ್ಮಗ ಅದನ್ನು ಹಾಕಿಕೊಂಡು ಹಿಮದಲ್ಲಿ ಗಂಟೆಗಟ್ಟಲೆ ಉರುಳಾಡಿದ. ಒಂದು ಚೂರೂ ಒದ್ದೆಯಾಗಲಿಲ್ಲ ಎಂದು ಬಂದು ವರದಿ ಮಾಡಿದ. ಗದ್ದೆ ನೆಟ್ಟಿಯ ಮಳೆಯಲ್ಲಿ ಕೊಪ್ಪೆ ಹೊದ್ದು ದಿನವಿಡೀ ಕೆಲಸ ಮಾಡುತ್ತಿದ್ದವರು ಇದನ್ನು ಎಂದೋ ಹೇಳುತ್ತಿದ್ದರು.

ಹೆಣಿಗೆಯ ವಿಷಯಕ್ಕೆ ಬಂದರೆ ಇನ್ನೊಂದು ಕಾಟವಿದೆ, ಉಪಮೆ ಕೊಡುವವರದು. ಇವರ ಸ್ನೇಹಿತರೊಬ್ಬರು, ನಿವೃತ್ತ ಕನ್ನಡ ಮೇಷ್ಟರು, ನಮ್ಮ ಮನೆಗೆ ಬಂದಾಗೆಲ್ಲ ನನ್ನ ಕೈಯನ್ನು ನೋಡಿ ಕಣ್ಣು ಅರೆಮುಚ್ಚಿ, "ಸಂಸಾರವೂ ಹೀಗೇ ಅಲ್ಲವೇ ತಾಯಿ?" ಎನ್ನುತ್ತಾರೆ. ಅಲ್ಲ ಎಂದು ಹೇಳಲು ಬಾಯಿ ತೆರೆದರೆ ಎಣಿಕೆ ತಪ್ಪುತ್ತದೆ. ಸ್ವೆಟರಿನಲ್ಲಿ ಹತ್ತು ಸಾಲಿನ ಕೆಳಗೆ ಏನಾದರೂ ಹೆಚ್ಚುಕಮ್ಮಿಯಾದರೆ ಹತ್ತು ಸಾಲು ಬಿಚ್ಚಿ ಮತ್ತೆ ಹೆಣೆಯಬಹುದು. ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ಇವರಿಗೂ ಅವನಿಗೂ ಮಾತು ನಿಂತಿತ್ತಲ್ಲ, ಅದನ್ನು ಎಲ್ಲಿಂದ ಬಿಚ್ಚಬೇಕಿತ್ತು ಎಂದು ಮೇಷ್ಟರು ಹೇಳಲಿ ನೋಡೋಣ. ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಸುಮ್ಮನಾಗುತ್ತೇನೆ.

ಮಗಳದು ಉಪಮೆಯಲ್ಲ, ಲೆಕ್ಕ. ಒಂದು ಸ್ವೆಟರಿಗೆ ಎಷ್ಟು ಗಂಟೆ, ಉಲ್ಲನ್ನಿಗೆ ಎಷ್ಟು, ಗಂಟೆಗೆ ಇಂತಿಷ್ಟು ಕೂಲಿ ಎಂದು ಫೋನಿನಲ್ಲೇ ಗುಣಿಸಿ, "ಅಮ್ಮಾ, ನೀನು ಇದನ್ನ ಮಾರಬೇಕು" ಎಂದು ಶುರುಮಾಡಿದಳು. ಬಂದ ಮೊತ್ತ ನೋಡಿ ಅವಳೇ ಗಪ್‌ಚಿಪ್. ಅಷ್ಟು ಕೊಟ್ಟು ಯಾರು ಕೊಳ್ಳುತ್ತಾರೆ, ಅವಳೇ ಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಈಗ ಚಳಿ ಎಲ್ಲಿದೆ ಎನ್ನುವುದು ಅವಳ ಹಳೇ ವಾದ. ಆದರೆ ಹೋದ ವರ್ಷ ಅವಳ ಆಫೀಸಿನ ಹತ್ತಿರ ಊಟಕ್ಕೆಂದು ಕರೆದಾಗ ಒಳಗೆ ಹೋಗಿ ನೋಡಿದೆ. ಏಪ್ರಿಲ್ ತಿಂಗಳ ಉರಿಬಿಸಿಲು ಹೊರಗೆ. ಒಳಗೆ ಏಸಿ ಮಡಿಕೇರಿಯ ಆಷಾಢವನ್ನು ಮೀರಿಸಿದೆ. ಹುಡುಗಿಯರೆಲ್ಲ ಶಾಲು ಹೊದ್ದು ಕಂಪ್ಯೂಟರಿನ ಮುಂದೆ ಮುದುಡಿ ಕೂತಿದ್ದಾರೆ. ನನ್ನ ಮಗಳ ಕುರ್ಚಿಯ ಬೆನ್ನಿಗೆ, ನಾನು ಯಾವಾಗಲೋ ಕೊಟ್ಟು ಅವಳು ಯಾವಾಗಲೋ "ಎಲ್ಲೋ ಇದೆ" ಎಂದಿದ್ದ ನೇರಳೆ ಸ್ವೆಟರು ನೇತಾಡುತ್ತಿತ್ತು. ಮೊಣಕೈ ಸವೆದಿತ್ತು. ನಾನು ನೋಡಿಯೂ ನೋಡದವಳಂತೆ ಇದ್ದೆ, ಅವಳು ಕಂಡೂ ಕಾಣದವಳಂತೆ ಅದರ ಮೇಲೆ ಬ್ಯಾಗು ಇಟ್ಟಳು. ಅತ್ತೆಯವರ ಹಳದಿ ಕುಲಾವಿ ನೆನಪಾಯಿತು. ಅವರ ಮೊಮ್ಮಗಳಿಗೆ ಬೇರೆ ಯಾವುದೂ ಬರಲಿಲ್ಲ, ಈ ಗೋಡೆ ನೋಡುವ ವಿದ್ಯೆ ಮಾತ್ರ ಸೊಗಸಾಗಿ ಬಂದಿದೆ.

ಈ ದೀಪಾವಳಿಯ ಹೊತ್ತಿಗೆ ಮಗನಿಂದ ಒಂದು ಸಂದೇಶ. ಆ ಕುಗ್ಗಿದ ಸ್ವೆಟರಿನಂಥದ್ದೇ ತನಗೂ ಒಂದು ಬೇಕಂತೆ. ಮೊಮ್ಮಗನ ಜೊತೆ ಹಿಮದಲ್ಲಿ ಇಳಿಯಬೇಕಾಗಿ ಬಂದಿದೆ, ಅಂಗಡಿಯ ಜಾಕೆಟು ಸರಿಬರುತ್ತಿಲ್ಲ ಎಂದೇನೋ ಕಾರಣ ಬರೆದಿದ್ದ. ಕಾರಣ ಯಾರಿಗೆ ಬೇಕು? ಉಣ್ಣೆಗೆ ಹೇಳಿಕಳಿಸಿದೆ. ಆದರೆ ಅಳತೆ? ಜವಾನನ ಎದೆಯ ಸಮಸ್ಯೆಯೇ ಮತ್ತೆ ಎದುರಿಗೆ ಬಂತು. ಅಪ್ಪಯ್ಯನ ಬದಲು ಇವರನ್ನು ನಿಲ್ಲಿಸಿ ಅಳೆಯೋಣವೆಂದರೆ ಇವರು ಈಚೆಗೆ ಸೊರಗಿದ್ದಾರೆ, ಅವನು ಈಚೆಗೆ ತುಂಬಿಕೊಂಡಿದ್ದಾನೆ.

ಭಾನುವಾರ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್. ಅಲ್ಲಿ ಬೆಳಗ್ಗೆ ಎಂಟೂವರೆ. ಮಗ ಕೈಗಳೆರಡನ್ನೂ ಚಾಚಿ ನಿಂತ. ಸೊಸೆ ಟೇಪು ಹಿಡಿದು ಸುತ್ತು ಬಂದಳು. ಮೊಮ್ಮಗ ಕುರ್ಚಿ ಹತ್ತಿ ಫೋನು ಹಿಡಿದಿದ್ದ, ಅವನ ಕೈ ಅಲ್ಲಾಡಿದಾಗೆಲ್ಲ ನನ್ನ ಮಗ ಸೀಲಿಂಗಿಗೆ ಹೋಗಿ ಬರುತ್ತಿದ್ದ. ಇಲ್ಲಿ ಇವರು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಳ್ಳಲು ಪೆನ್ನು ಹಿಡಿದು ತಯಾರು. "ಎದೆ ನಲವತ್ತೆರಡು ಅತ್ತೆ" ಅಂದಳು ಸೊಸೆ. "ಹೊಟ್ಟೆ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಅದೂ ನಲವತ್ತೆರಡೇ" ಎಂದ ಮಗ, ಒಂಥರಾ ಸಣ್ಣ ದನಿಯಲ್ಲಿ. "ಉಸಿರು ಹಿಡಿದಿದ್ದಾರೆ ಅತ್ತೆ" ಎಂದಳು ಸೊಸೆ. "ಅಜ್ಜೀ, ಅಪ್ಪನ ಮುಖ ಕೆಂಪಗಾಗಿದೆ" ಎಂದ ಮೊಮ್ಮಗ. "ಉಸಿರು ಬಿಡೋ" ಎಂದೆ. ಬಿಡಲಿಲ್ಲ. ಹದಿನಾರರಲ್ಲಿ ಹಟ ಹಿಡಿದಾಗಲೂ ಇದೇ ಮುಖ. ಇವರು ನನ್ನ ಕಡೆ ತಿರುಗಿ ಎಷ್ಟು ಬರೆಯಲಿ ಎಂದು ಹುಬ್ಬು ಹಾರಿಸಿದರು. ನಲವತ್ತೈದು ಎಂದು ಬೆರಳಲ್ಲಿ ತೋರಿಸಿದೆ.

ಬೆನ್ನು, ಹೆಗಲು, ಉದ್ದ ಎಲ್ಲ ಆಯಿತು. "ಇನ್ನೇನಾದ್ರೂ ಬೇಕಾ ಅತ್ತೆ?" ಎಂದಳು ಸೊಸೆ ಟೇಪು ಸುತ್ತುತ್ತ. ಸದ್ಯಕ್ಕೆ ಸಾಕು ಎಂದೆ. ಫೋನ್ ಇಟ್ಟ ಮೇಲೆ ಇವರು ಕ್ಯಾಲೆಂಡರು ನೋಡಿ, "ಲೇ, ತೋಳಿನ ಉದ್ದವನ್ನೇ ಕೇಳಲಿಲ್ವಲ್ಲೇ?" ಅಂದರು. ಅದು ಮುಂದಿನ ಭಾನುವಾರಕ್ಕೆ. ಎರಡು ತೋಳು ಇವೆಯಲ್ಲ, ಒಂದೊಂದು ವಾರಕ್ಕೆ ಒಂದೊಂದು ಅಳೆದರಾಯಿತು.